ಇಪ್ಪತ್ತು ಬುಟ್ಟಿಗೊಂದು ಕೊಸರು

ಹೋದ ಭಾನುವಾರ ಅಮ್ಮಿ ಅಡುಗೆಮನೆಯ ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸಲು ಹೇಳಿದಳು. ನಮ್ಮ ಇಂಡಿಯಲ್ಲಿ ನಿಂಬೆ ಉಪ್ಪಿನಕಾಯಿ ಇಲ್ಲದ ಮನೆಯನ್ನು ನಾನು ಇನ್ನೂ ಪತ್ತೆ ಮಾಡಿಲ್ಲ. ಭರಣಿ ಎತ್ತಿದರೆ ಅದರ ತಳಕ್ಕೆ ಅಂಟಿಕೊಂಡು ಒಂದು ಕಾಗದವೂ ಎದ್ದು ಬಂತು. ಮೆಲ್ಲಗೆ ಬಿಡಿಸಿ ನೋಡಿದೆ. ಬಾಸ್ಕೆಟ್‌ಬಾಲ್ ಪಂದ್ಯವೊಂದರ ಅಂಕಿಅಂಶದ ಹಾಳೆಯ ಜೆರಾಕ್ಸ್ ಪ್ರತಿ, ನನ್ನದೇ ಕೈಬರಹ. ನೀಲಿ ತಂಡದ ರಿಬೌಂಡುಗಳ ಮೇಲೆ ಭರಣಿಯ ಅಡಿಯಷ್ಟೇ ದುಂಡಗೆ ಎಣ್ಣೆ ಇಳಿದಿತ್ತು.

ಇದನ್ನು ಭರಣಿಯ ಕೆಳಗೆ ಯಾಕೆ ಹಾಕಿದೆ ಎಂದು ಕೇಳಿದೆ. ಪೇಪರಿಗಿಂತ ದಪ್ಪ ಇತ್ತು, ಅದರ ಮೇಲೆ ಬರೀ ಗೀಟು ಇದ್ದವು, ಅಕ್ಷರ ಇದ್ದಿದ್ದರೆ ಹಾಕುತ್ತಿರಲಿಲ್ಲ ಎಂದಳು ಅಮ್ಮಿ. ಆ ಗೀಟುಗಳಲ್ಲಿ ಒಂದು ಸಂಜೆಯ ನನ್ನ ಹಣೆಬರಹ ಪೂರ್ತಿ ಇತ್ತು ಎಂದು ಅವಳಿಗೆ ಹೇಳಲು ಹೋಗಲಿಲ್ಲ. ನಿಮಗೆ ಹೇಳುತ್ತೇನೆ.

ಎಣಿಸುವುದು ನನಗೆ ಚಿಕ್ಕಂದಿನಿಂದ ಹತ್ತಿದ ಚಟ. ಐದನೇ ಇಯತ್ತೆಯಲ್ಲಿ ನಮ್ಮ ಗಣಿತದ ಗುರುಗಳು ಒಂದು ತಾಸಿನಲ್ಲಿ ಎಷ್ಟು ಸಲ 'ತಿಳೀತಿಲ್ಲೋ' ಅನ್ನುತ್ತಾರೆ ಎಂದು ವಹಿಯ ಹಿಂದಿನ ಪುಟದಲ್ಲಿ ಗೀಟು ಹಾಕುತ್ತಿದ್ದೆ. ನಲವತ್ತಮೂರನೇ ಗೀಟಿಗೆ ಸಿಕ್ಕಿಬಿದ್ದೆ. ಬೆಂಚಿನ ಮೇಲೆ ನಿಲ್ಲಿಸಿದರು. ನಿಂತದ್ದು ಇಪ್ಪತ್ತೈದು ನಿಮಿಷ. ಆ ಹೊತ್ತಿನಲ್ಲಿ ಅವರು ಇನ್ನೂ ಹನ್ನೊಂದು ಸಲ ಅಂದರು, ಬರೆದುಕೊಳ್ಳಲು ವಹಿ ಕೈಯಲ್ಲಿರಲಿಲ್ಲ, ಬಾಯಿಪಾಠ ಮಾಡಿಕೊಂಡೆ. ಆಮೇಲೆ ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ರಸ್ತೆಯ ಉಬ್ಬುಗಳನ್ನು ಎಣಿಸಿದೆ. ಹೋಗುವಾಗ ಮೂವತ್ತೊಂದು, ಬರುವಾಗ ಮೂವತ್ತು. ಒಂದು ಉಬ್ಬು ಬರೀ ಹೋಗುವವರಿಗೆ ಮಾತ್ರ ಇರಲು ಸಾಧ್ಯವಿಲ್ಲವಲ್ಲ. ಸಿಂದಗಿಯಲ್ಲಿ ಯಾವ ಕೆಲಸವೂ ಇಲ್ಲದೆ ಮತ್ತೊಮ್ಮೆ ಹೋಗಿಬಂದೆ. ಕಂಡಕ್ಟರು ಯಾರಾದರೂ ತೀರಿಕೊಂಡಿದ್ದಾರೇನು ಎಂದು ಕೇಳಿದ.

ಇಂಥವನ ಕೈಗೆ ಬಾಸ್ಕೆಟ್‌ಬಾಲಿನ ಅಂಕಿಅಂಶದ ಹಾಳೆ ಸಿಕ್ಕರೆ ಏನಾಗಬೇಕು? ಭೂಮಿಯ ಆಚೆ ಬದಿಗೆ ಸಂಬಳಕ್ಕೆ ಆಡುವ ದೊಡ್ಡ ಆಟಗಾರರ ಪಂದ್ಯಗಳು ನಮ್ಮಲ್ಲಿ ಬೆಳಗಿನ ಚಹಾದ ಹೊತ್ತಿಗೆ ನಡೆಯುತ್ತವೆ. ನನ್ನ ಫೋನಿನಲ್ಲಿ ಪಂದ್ಯ ತೆರೆದುಕೊಳ್ಳುತ್ತಿರಲಿಲ್ಲ, ಹಾಳೆ ಮಾತ್ರ ತಟ್ಟನೆ ತೆರೆಯುತ್ತಿತ್ತು. ಹೀಗಾಗಿ ನಾನು ಆಟ ನೋಡದೆಯೇ ಆಟದ ಅಭಿಮಾನಿಯಾದೆ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಸಾಲು. ಎಷ್ಟು ನಿಮಿಷ ಆಡಿದ, ಎಷ್ಟು ಅಂಕ ಹಾಕಿದ, ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಎಷ್ಟು ಸಲ ಹಿಡಿದ, ಅದು ರಿಬೌಂಡ್. ಅಂಕ ಹಾಕುವವನ ಕೈಗೆ ಎಷ್ಟು ಸಲ ಚೆಂಡು ದಾಟಿಸಿದ, ಅದು ಅಸಿಸ್ಟ್. ಎಷ್ಟು ಸಲ ಕೈತಪ್ಪಿ ಕಳೆದ, ಅದು ಟರ್ನೋವರ್. ಒಬ್ಬ ಮನುಷ್ಯನ ಬಗ್ಗೆ ಇಷ್ಟು ಸ್ಪಷ್ಟವಾಗಿ ಬರೆದಿಟ್ಟದ್ದನ್ನು ನಾನು ಅದಕ್ಕೂ ಮೊದಲು ರೇಶನ್ ಕಾರ್ಡಿನಲ್ಲಿಯೂ ಕಂಡಿರಲಿಲ್ಲ.

ಮನೆಯವರದೂ ಒಂದು ಹಾಳೆ ಮಾಡಿದೆ. ತಿಂದ ರೊಟ್ಟಿ ಅಂಕ, ಮತ್ತೊಬ್ಬರ ತಟ್ಟೆಗೆ ದಾಟಿಸಿದ್ದು ಅಸಿಸ್ಟ್, ಚೆಲ್ಲಿದ್ದು ಟರ್ನೋವರ್. ಒಂದು ತಿಂಗಳ ಲೆಕ್ಕದಲ್ಲಿ ಅಬ್ಬಾ ಅವರ ಅಸಿಸ್ಟ್ ಸೊನ್ನೆ. ಅಮ್ಮಿಯ ಅಸಿಸ್ಟುಗಳು ಚೌಕದಲ್ಲಿ ಹಿಡಿಯದೆ ಪಕ್ಕದ ಫೌಲಿನ ಚೌಕಕ್ಕೂ ಹರಿದಿದ್ದವು. ಅಬ್ಬಾ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಮರುದಿನ ಊಟದಲ್ಲಿ ತಮ್ಮ ತಟ್ಟೆಯಿಂದ ಒಂದು ರೊಟ್ಟಿ ತೆಗೆದು ಅಮ್ಮಿಯ ತಟ್ಟೆಗೆ ಹಾಕಿದರು. ಅಮ್ಮಿ ಅದನ್ನು ತಿರುವಿ ನೋಡಿ, ಸುಟ್ಟಿದೆಯೇನು ಎಂದು ಕೇಳಿದಳು.

ಈಗ ಪಂದ್ಯಕ್ಕೆ ಬರುತ್ತೇನೆ. ಅಗರಖೇಡದಲ್ಲಿ ಹುಟ್ಟಿ ಹೊರಗೆ ಹೋಗಿ ದೊಡ್ಡ ಗುತ್ತಿಗೆದಾರರಾದ ಒಬ್ಬರು ವೃತ್ತಿಪರ ಬಾಸ್ಕೆಟ್‌ಬಾಲ್ ತಂಡವೊಂದನ್ನು ಕೊಂಡಿದ್ದರು. ವರ್ಷದ ಪಂದ್ಯಾವಳಿ ಶುರುವಾಗುವ ಮೊದಲು ತಮ್ಮ ಮಂದಿಗೆ ಒಂದು ಆಟ ತೋರಿಸಬೇಕೆಂದು ಆಸೆಪಟ್ಟು, ಇನ್ನೊಂದು ತಂಡವನ್ನೂ ಕರೆಸಿ ಇಂಡಿಯ ಸಿಮೆಂಟ್ ಅಂಗಳದಲ್ಲಿ ಪಂದ್ಯ ಇಟ್ಟರು. ಅವರ ತಂಡಕ್ಕೆ ಹಳದಿ ಅಂಗಿ, ಎದುರಿನವರಿಗೆ ನೀಲಿ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯಿಂದ ಮಂದಿ ಬಂದರು. ಹೊರಗೆ ನಿಂತ ಗಾಡಿಗಳು ಮೂವತ್ತೆಂಟು, ಅದರಲ್ಲಿ ಟ್ರ್ಯಾಕ್ಟರ್ ಆರು.

ಅಂಕಿಅಂಶದ ಮುಖ್ಯಸ್ಥೆ ಕುಲಕರ್ಣಿ ಮೇಡಂ. ಬಸವನ ಬಾಗೇವಾಡಿಯಲ್ಲಿ ಬೆಳೆದವರು. ಫೋನಿನಲ್ಲಿ ಮನೆಯವರೊಡನೆ ಮರಾಠಿ, ನಮ್ಮೊಡನೆ ಕನ್ನಡ, ಪೆನ್ಸಿಲ್ ಮೊಂಡಾದರೆ ಎರಡರಲ್ಲೂ ಸಿಟ್ಟು. ಅವರ ಇಬ್ಬರು ಸಹಾಯಕರು ಬೇರೆ ಗಾಡಿಯಲ್ಲಿ ಹೊಸಪೇಟೆ ಕಡೆಯಿಂದ ಬರುತ್ತ ಗೊಳಸಂಗಿಯ ಆಸುಪಾಸಿನಲ್ಲಿ ಇಳಿದು ಮಿರ್ಚಿ ಭಜಿ ತಿಂದಿದ್ದರು. ಒಬ್ಬ ಒಂಬತ್ತು, ಇನ್ನೊಬ್ಬ ಹದಿಮೂರು. ಇದು ಅವರೇ ಹೇಳಿದ ಲೆಕ್ಕ, ನಾನು ಪರಿಶೀಲಿಸಿಲ್ಲ. ಇಂಡಿ ಮುಟ್ಟುವ ಹೊತ್ತಿಗೆ ಇಬ್ಬರೂ ಕೂರುವ ಸ್ಥಿತಿಯಲ್ಲಿರಲಿಲ್ಲ. ಆಗ ನಮ್ಮ ಕಾಲೇಜಿನ ಕ್ರೀಡಾ ಶಿಕ್ಷಕರು, ಊರಿನಲ್ಲಿ ಒಬ್ಬನಿದ್ದಾನೆ, ಅವನಿಗೆ ಇದನ್ನು ಬಿಟ್ಟು ಬೇರೇನೂ ಬರುವುದಿಲ್ಲ ಎಂದು ನನ್ನ ಹೆಸರು ಹೇಳಿದರು.

ಮೇಡಂ ನಾನು ಎಣಿಕೆ ಬರೆದಿಡುವ ಡೈರಿಯ ನಾಲ್ಕು ಪುಟ ತಿರುವಿದರು. ಬಸ್ಸಿನ ಉಬ್ಬಿನ ಪುಟದಲ್ಲಿ ಒಂದು ಕ್ಷಣ ನಿಂತರು. ಕೊನೆಗೆ ಹೇಳಿದರು, "ಇವತ್ತಿನ ಹಾಳಿ ಅಂಕದ ಫಲಕದ ಜೋಡಿ ತಾಳಿ ಆದ್ರ, ಈ ವರ್ಷ ಪೂರ್ತಿ ನಮ್ಮ ಮೇಜಿಗೆ ನೀನು. ಒಂದು ಅಂಕ ಹೆಚ್ಚುಕಡಿಮಿ ಆದ್ರೂ ಇಲ್ಲಿಂದನ ನಮಸ್ಕಾರ."

ವರ್ಷ ಪೂರ್ತಿ. ಊರೂರು ತಿರುಗುತ್ತ, ಅಂಗಳದ ಪಕ್ಕದ ಮೇಜಿನ ಹಿಂದೆ ಕೂತು, ನಾನು ಈವರೆಗೆ ಬೈಸಿಕೊಂಡು ಮಾಡಿದ ಕೆಲಸವನ್ನೇ ಮಾಡುವುದು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಅಂಗಳದಿಂದ ಕಣ್ಣು ಕೀಳದೆ ಕೂಗಿ ಹೇಳಬೇಕು, ಇನ್ನೊಬ್ಬ ತಲೆ ಎತ್ತದೆ ಬರೆಯಬೇಕು. ಕೂಗುವವನನ್ನು ನೀನೇ ತಂದುಕೋ ಎಂದರು ಮೇಡಂ. ಕಣ್ಣು ತಪ್ಪದ ಮನುಷ್ಯ ಅಂದರೆ ನನಗೆ ಗೊತ್ತಿದ್ದದ್ದು ಒಬ್ಬರೇ, ಅಮ್ಮಿಯ ತಮ್ಮ ದಸ್ತಗೀರ ಮಾಮು. ನಿಂಬೆ ಮಾರುಕಟ್ಟೆಯಲ್ಲಿ ಹಣ್ಣು ಎಣಿಸುವುದು ಅವರ ಕೆಲಸ. ಎರಡೂ ಕೈ ಸೇರಿಸಿ ಒಂದು ಹಿಡಿಗೆ ಐದು ಹಣ್ಣು, ಇಪ್ಪತ್ತು ಹಿಡಿಗೆ ನೂರು. ಪಕ್ಕದವರೊಂದಿಗೆ ಮಗಳ ಮದುವೆಯ ಮಾತು ಆಡುತ್ತಲೇ ಎಣಿಸುತ್ತಾರೆ, ಒಂದು ಹಣ್ಣು ತಪ್ಪುವುದಿಲ್ಲ.

ಪಂದ್ಯಕ್ಕೆ ಮೂರು ತಾಸು ಇರುವಾಗ ಮಾಮುಗೆ ಆಟ ಕಲಿಸಲು ಕೂತೆ. ಅವರಿಗೆ ಪ್ರತಿಯೊಂದಕ್ಕೂ ತಕರಾರು. ರಿಬೌಂಡ್ ಅಂದರೆ ಪುಟಿದ ಚೆಂಡು ಹಿಡಿಯುವುದು ಅಂದೆ. ಕೆಳಗೆ ಬಿದ್ದ ಮಾಲು ಆರಿಸಿಕೊಳ್ಳುವುದಕ್ಕೂ ಲೆಕ್ಕ ಇಡುತ್ತಾರೇನು ಎಂದು ಕೇಳಿದರು. ದೂರದ ಗೆರೆಯಾಚೆಯಿಂದ ಎಸೆದರೆ ಮೂರು ಅಂಕ, ಹತ್ತಿರದಿಂದ ಹಾಕಿದರೆ ಎರಡು ಅಂದೆ. ಇದನ್ನಂತೂ ಅವರು ಒಪ್ಪಲೇ ಇಲ್ಲ.

"ದೂರ ನಿಂತು ಯಾರರ ಒಗೀತಾರ ಅಳಿಯಾ. ಅಷ್ಟು ಮಂದಿ ಮೊಣಕೈಲೆ ತಿವ್ಯಾಕತ್ತಾಗ ನಡುವ ಹೊಕ್ಕು ಹಾಕೋದು ಕಠಿಣ ಐತಿ. ಮೂರು ಅವರಿಗೆ ಕೊಡಬೇಕು."

ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಎರಡು ಸುತ್ತು ತಿರುಗಿ ಬೀಳುವ ಚೆಂಡನ್ನು ಎರಡನೇ ನಂಬರಿನ ಮಾಲು ಎಂದು ಬೇರೆ ಸಾಲಿನಲ್ಲಿ ಬರೆಯಬೇಕು ಎಂದೂ ಹಟ ಹಿಡಿದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಯಾವ ನಂಬರಿನವನು ಏನು ಮಾಡಿದ, ಬುಟ್ಟಿಯಾದರೆ ಎಷ್ಟು ಅಂಕ, ಇಷ್ಟೇ ಅವರು ಹೇಳಬೇಕು. ಹಳದಿಯಾದರೆ ನನ್ನ ಎಡ ಭುಜ, ನೀಲಿಯಾದರೆ ಬಲ ಭುಜ ತಟ್ಟಬೇಕು. ಉಳಿದದ್ದು ನನ್ನದು. ಜೊತೆಗೆ ನನ್ನ ಡೈರಿಯಲ್ಲಿ ಬುಟ್ಟಿಗಳನ್ನು ಬಿದ್ದ ಕ್ರಮದಲ್ಲಿ ಪಟ್ಟಿ ಮಾಡಿ, ಪ್ರತಿ ಬುಟ್ಟಿಯ ಮುಂದೆ ಗಡಿಯಾರದ ಹೊತ್ತನ್ನೂ ಬರೆಯುವುದೆಂದು ತೀರ್ಮಾನಿಸಿದೆ. ಯಾರೂ ಕೇಳಿರಲಿಲ್ಲ, ನನ್ನ ಸಂತೋಷಕ್ಕೆ.

ಆಟ ಶುರುವಾಯಿತು. ಮಾಮು ಅದ್ಭುತವಾಗಿ ಕೂಗಿದರು. ಒಂದೇ ತೊಂದರೆ. ಎಣಿಕೆಯಲ್ಲಿ ಮೊದಲನೆಯದಕ್ಕೆ ಒಂದು ಅನ್ನದೆ 'ಲಾಭ' ಅನ್ನುವುದು ನಮ್ಮ ಮಾರುಕಟ್ಟೆಯ ಪದ್ಧತಿ, ಹಾಗಾಗಿ ನೀಲಿ ತಂಡದ ಒಂದನೇ ನಂಬರಿನ ಆಟಗಾರನನ್ನು ಅವರು ಕೊನೆಯವರೆಗೂ ಲಾಭ ಎಂದೇ ಕರೆದರು. ಹಿಂದೆ ಕೂತ ಮಂದಿ ಅದನ್ನು ಅವನ ಹೆಸರೆಂದೇ ತಿಳಿದರು. ಅವನು ಚೆಂಡು ಹಿಡಿದಾಗಲೆಲ್ಲ, ಲಾಭ ಬಂದ, ಲಾಭ ಬಂದ ಎಂದು ಗದ್ದಲ. ಕೇರಳ ಕಡೆಯ ಆ ಆಟಗಾರ ಇಂಥ ಅಭಿಮಾನವನ್ನು ಕಂಡಿರಲಿಲ್ಲವೇನೋ, ತಿರುಗಿ ತಿರುಗಿ ಕೈ ಮುಗಿದ.

ಇನ್ನೊಂದು ತೊಂದರೆ ಅಂಗಳದ ಸುತ್ತ ಕಟ್ಟಿದ ಹಗ್ಗದಾಚೆ, ನಮ್ಮ ಮೇಜಿಗೆ ತೀರ ಹತ್ತಿರ ಕೂತಿತ್ತು. ಮಸೂತಿಯಿಂದ ಬಂದ ಒಬ್ಬ ತಾಯಿ. ಗಿಡ್ಡನೆಯ ಹೆಂಗಸು, ಮಡಿಲಲ್ಲಿ ರೊಟ್ಟಿ ಗಂಟು. ಹಳದಿ ತಂಡದ ಹದಿನಾಲ್ಕನೇ ನಂಬರಿನ ಸಂಗಮೇಶ ಅವಳ ಮಗ. ತಂಡದಲ್ಲೇ ಎಲ್ಲರಿಗಿಂತ ಎತ್ತರದವನು, ಹೊಸಬ, ಬದಲಿ ಆಟಗಾರರ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದ. ಆಟ ಅವಳಿಗೆ ತಿಳಿಯುತ್ತಿರಲಿಲ್ಲ, ಆದರೆ ಬರೆಯುವವರಿಗೆ ಎಲ್ಲ ಗೊತ್ತಿರುತ್ತದೆ ಎಂದು ಯಾರೋ ಹೇಳಿದ್ದರು.

"ನನ್ನ ಮಗಂದು ಎಷ್ಟ ಆತ್ರಿ ಅಣ್ಣಾರ?"

"ಇನ್ನ ಆಗಿಲ್ರಿ ಅಕ್ಕಾ, ಆಕ್ಕೈತಿ," ಎಂದರು ಮಾಮು, ಅಂಗಳದಿಂದ ಕಣ್ಣು ತೆಗೆಯದೆ.

ಆಕೆ ಹನ್ನೊಂದು ಸಲ ಕೇಳಿದಳು. ಮಾಮು ಹನ್ನೊಂದು ಸಲ ಅದೇ ಉತ್ತರ ಕೊಟ್ಟರು. ಆರನೆಯದರ ಹೊತ್ತಿಗೆ ಅವರ ದನಿ ಇಳಿದಿತ್ತು. ಒಂಬತ್ತನೆಯದರ ಹೊತ್ತಿಗೆ, ಕೋಚಿಗೆ ತಲೆ ಇಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಹಳದಿಯವರ ಗೆಲುವು ಖಾತ್ರಿಯಾದ ಮೇಲೆ, ಕೊನೆಯ ಎರಡು ನಿಮಿಷಕ್ಕೆ ಸಂಗಮೇಶನನ್ನು ಇಳಿಸಿದರು. ಮಂದಿ ಎದ್ದು ನಿಂತರು. ಆ ತಾಯಿಗೆ ಮಂದಿಯ ಬೆನ್ನುಗಳ ಮೇಲೆ ಮಗನ ತಲೆಯಷ್ಟೇ ಕಂಡಿರಬೇಕು. ಒಮ್ಮೆ ಅವನ ಕೈಗೆ ಚೆಂಡು ಬಂತು. ಬಿಸಿ ಪಾತ್ರೆ ಮುಟ್ಟಿದವನಂತೆ ಪಕ್ಕದವನಿಗೆ ದಾಟಿಸಿಬಿಟ್ಟ. ಅಷ್ಟರಲ್ಲಿ ಆಟ ಮುಗಿದ ಸೀಟಿ ಕೇಳಿಸಿತು. ತಾಯಿ ಗಂಟು ಎತ್ತಿಕೊಂಡು ಮಗನ ಕಡೆ ಓಡಿದಳು.

"ಹದಿನಾಕು. ಎರಡು," ಎಂದರು ಮಾಮು. ಹಳದಿಯ ಬದಿಯ ಭುಜ ತಟ್ಟಿದರು. ನಾನು ತಲೆ ಎತ್ತದೆ ಬರೆದೆ.

ಆಮೇಲೆ ಕೂಡಿಸಿದೆ. ಹಳದಿ ತಂಡದ ಆಟಗಾರರ ಅಂಕಗಳ ಮೊತ್ತ ಫಲಕದಲ್ಲಿದ್ದದ್ದಕ್ಕಿಂತ ನಾಲ್ಕು ಹೆಚ್ಚು. ಮತ್ತೆ ಕೂಡಿಸಿದೆ, ನಾಲ್ಕೇ. ನೀಲಿಯದು ಕೂಡಿಸಿದೆ. ಅದೂ ನಾಲ್ಕು ಹೆಚ್ಚು. ಆ ಕಡೆ ಮೇಡಂ ಫೈಲು ಕಟ್ಟುತ್ತಿದ್ದರು.

ಪ್ರತಿ ಬುಟ್ಟಿಗೆ ಹೊತ್ತು ಬರೆದಿದ್ದೆನಲ್ಲ, ಆ ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯುತ್ತ ಹೋದೆ. ಇಪ್ಪತ್ತೊಂದನೇ ಬುಟ್ಟಿಯ ಹತ್ತಿರ ಬೆರಳು ನಿಂತಿತು. ಇಪ್ಪತ್ತನೆಯದನ್ನು ಹಾಕಿದವನೇ, ಅದೇ ಸೆಕೆಂಡಿನಲ್ಲಿ, ಇನ್ನೊಂದು ಹಾಕಿದ್ದ. ಚೆಂಡು ಒಂದೇ ಇರುವ ಆಟದಲ್ಲಿ ಇದು ಆಗದ ಮಾತು. ಮುಂದೆ ಇಳಿದೆ. ನಲವತ್ತೆರಡನೆಯದೂ ಹಾಗೇ. ಅರವತ್ತಮೂರನೆಯದೂ ಹಾಗೇ. ತಪ್ಪು ಕೂಡ ಇಷ್ಟು ಶಿಸ್ತಿನಲ್ಲಿ ಬರುವುದನ್ನು ನೋಡಿ ಭಯದ ನಡುವೆಯೂ ನನಗೆ ಒಂದು ಬಗೆಯ ಗೌರವ ಹುಟ್ಟಿತು.

"ಮಾಮೂ, ಇಪ್ಪತ್ತು ಆದ ಮ್ಯಾಲ ಏನ್ ಮಾಡಿದ್ರಿ?"

"ಏನ್ ಮಾಡ್ತಾರ? ಕೊಸರು."

ನೂರು ಹಣ್ಣು ಎಣಿಸಿ ಮುಗಿದ ಕೂಡಲೇ ಮೇಲೊಂದು ಹಣ್ಣು ಒಗೆಯುವುದು ನಿಂಬೆ ಮಾರುಕಟ್ಟೆಯಲ್ಲಿ ಅವರು ಕಲಿತ ಪದ್ಧತಿ. ಇಪ್ಪತ್ತು ಹಿಡಿಗೆ ಒಂದು ಕೊಸರು. ಅದಿಲ್ಲದಿದ್ದರೆ ಕೊಳ್ಳುವವನು ಎಣಿಕೆಯನ್ನೇ ಒಪ್ಪುವುದಿಲ್ಲ. ಇಪ್ಪತ್ತು ಬುಟ್ಟಿಗೂ ಅವರ ನಾಲಿಗೆ ಅದನ್ನೇ ಮಾಡಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದ ಮೇಲೂ ತಪ್ಪೆಂದು ಅನಿಸಲಿಲ್ಲ.

ಆದರೆ ಈ ಮೂರರಲ್ಲಿ ಎರಡು ನೀಲಿಯವು, ಒಂದು ಹಳದಿಯದು, ಒಂದೊಂದಕ್ಕೂ ಎರಡರಂತೆ ಆರು ಅಂಕವಾಯಿತು. ಉಳಿದ ಎರಡು ಹಳದಿಯ ಕಡೆ ಎಲ್ಲೋ ಇದ್ದವು. ಪಟ್ಟಿಯ ಕೊನೆಗೆ ಹೋದೆ. ಗಡಿಯಾರ ಸೊನ್ನೆಯಾದ ಮೇಲೆ ಬಿದ್ದ ಒಂದು ಬುಟ್ಟಿ. ಹದಿನಾಲ್ಕನೇ ನಂಬರು. ಹಾಳೆಯಲ್ಲಿ ಅವನ ಸಾಲಿನಲ್ಲಿ ಅದೊಂದೇ ಗೀಟು, ಉಳಿದ ಚೌಕಗಳೆಲ್ಲ ಖಾಲಿ. ನಾನು ಮಾಮು ಕಡೆ ನೋಡಿದೆ.

"ಮೂರು ನನ್ನ ನಾಲಿಗಿ ಹಾಕಿದ್ದು," ಎಂದರು ಮಾಮು. "ನಾಕನೇದ್ದು ನಾ ಹಾಕಿದ್ದು."

ಅಳಿಸುತ್ತೇನೆ ಅಂದೆ. ಕೊಟ್ಟ ಕೊಸರನ್ನು ತಿರುಗಿ ಕಸಿದುಕೊಂಡದ್ದನ್ನು ತಾವು ಈ ಜನ್ಮದಲ್ಲಿ ಕಂಡಿಲ್ಲ, ಕಾಣಲು ಇಷ್ಟವೂ ಇಲ್ಲ ಎಂದು ಮಾಮು ಕುರ್ಚಿ ತಿರುಗಿಸಿ ನನಗೆ ಬೆನ್ನು ಹಾಕಿ ಕೂತರು. ರಬ್ಬರ್ ತೆಗೆದೆ. ನಾಲಿಗೆಯ ಮೂರನ್ನು ಬೇಗ ಅಳಿಸಿದೆ. ನಾಲ್ಕನೆಯದರ ಮೇಲೆ ರಬ್ಬರ್ ಇಟ್ಟುಕೊಂಡು ಯೋಚಿಸಿದೆ. ವರ್ಷ ಪೂರ್ತಿಯ ಕುರ್ಚಿ ಒಂದು ಕಡೆ, ಖಾಲಿ ಸಾಲು ಒಂದು ಕಡೆ. ಯೋಚಿಸಿದ್ದು ನಲವತ್ತು ಸೆಕೆಂಡು. ಗಡಿಯಾರ ನೋಡಿಕೊಂಡೇ ಯೋಚಿಸಿದೆ. ನನ್ನ ಮನಸ್ಸು ಎಷ್ಟು ದೊಡ್ಡದೆಂದು ಆ ದಿನ ಲೆಕ್ಕ ಸಮೇತ ತಿಳಿಯಿತು. ಅಳಿಸಿದೆ.

ಮೇಡಂ ಹಾಳೆಯನ್ನು ಫಲಕಕ್ಕೆ ಹೋಲಿಸಿದರು. ಅಂಕ ಅಂಕಕ್ಕೆ ತಾಳೆಯಾಯಿತು. ಆಮೇಲೆ ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದರು. ನಾಲ್ಕು ಕಡೆ ಕಾಗದ ತೆಳ್ಳಗಾಗಿತ್ತು.

ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬರೆದಿಟ್ಟುಕೊಳ್ಳದ್ದು ನೆನಪಿರುವುದಿಲ್ಲ. ಎಲ್ಲ ಹೇಳಿದೆ. ಮೊದಲ ಮೂರರ ಕಥೆಗೆ ಅವರ ಬಾಯಿಯ ಒಂದು ತುದಿ ಕುಣಿಯಿತು. ನಾಲ್ಕನೆಯದಕ್ಕೆ ಕುಣಿಯಲಿಲ್ಲ.

"ನನ್ನ ಹಾಳಿಯೊಳಗ ಕೊಸರು ನಡಿಯೂದಿಲ್ಲ ತಮ್ಮಾ. ಇದನ್ನ ನೋಡೇ ನಾಳೆ ಯಾರನ್ನ ಆಡಸಬೇಕು, ಯಾರನ್ನ ಕೂಡಸಬೇಕು ಅಂತ ಅವರು ಠರಾಯಿಸ್ತಾರ. ಇವಗ ಎರಡು ಕೊಟ್ರ ಇನ್ನೊಬ್ಬನ ಕುರ್ಚಿ ಹೋಗ್ತದ."

ಬೆನ್ನು ಹಾಕಿದ್ದ ಮಾಮುವಿನ ಕಿವಿ ಅಲ್ಲಾಡಿದ್ದನ್ನು ನಾನು ಕಂಡೆ. ಮೇಡಂ ಹಾಳೆಯ ಕೆಳಗೆ ಸಹಿ ಮಾಡಿದರು, ನನಗೂ ಮಾಡಿಸಿದರು, ಶನಿವಾರ ಹುಬ್ಬಳ್ಳಿಗೆ ಬಂದುಬಿಡು ಎಂದರು. ಕೂಗುವವರು ಅಲ್ಲಿ ಬೇರೆ ಇದ್ದಾರೆ ಎಂದು ಒತ್ತಿ ಹೇಳಿದರು. ನನಗೆ ಕೆಲಸ ಸಿಕ್ಕಿತ್ತು. ಕುಣಿಯಬೇಕು ಅನ್ನುವಷ್ಟರಲ್ಲಿ ಹಗ್ಗದಾಚೆಯಿಂದ ಅದೇ ದನಿ ಬಂತು. ಆ ತಾಯಿ ಮಗನ ಅಂಗಿ ಹಿಡಿದು ಎಳೆದುಕೊಂಡೇ ಬಂದಿದ್ದಳು. ಸಂಗಮೇಶ ಗಿಡದಂತೆ ಬಾಗಿ ಹಿಂದೆ ನಿಂತಿದ್ದ.

ಹನ್ನೆರಡನೇ ಸಲ ಕೇಳಿದಳು, ಈ ಸಲ ನೇರವಾಗಿ ಮೇಡಂ ಅವರಿಗೇ. ಇವನನ್ನು ಕೇಳಿದರೆ ಹೇಳುವುದಿಲ್ಲ, ನನ್ನ ಮಗನದು ಎಷ್ಟಾಯಿತು ನೀವಾದರೂ ಹೇಳಿ ಎಂದು. ಸಂಗಮೇಶ ತನ್ನ ಬೂಟು ನೋಡಿಕೊಂಡ. ನಾನು ಮೇಜಿನ ಮೇಲಿದ್ದ ರಬ್ಬರಿನ ಪುಡಿ ನೋಡಿದೆ. ಮಾಮು ಕುರ್ಚಿ ತಿರುಗಿಸಿ ಈ ಕಡೆ ಮುಖ ಮಾಡಿದರು. ಮೇಡಂ ಕೈಯಲ್ಲಿ ಸಹಿ ಮಾಡಿದ ಹಾಳೆ ಇತ್ತು. ಅದನ್ನು ನಿಧಾನಕ್ಕೆ ಎರಡಾಗಿ ಮಡಚಿದರು.

"ಎರಡು ಆಗ್ಯಾವರಿ," ಎಂದರು.

ಸಂಗಮೇಶ ತಟ್ಟನೆ ತಲೆ ಎತ್ತಿದ. ತಾಯಿ ಮನಸ್ಸಿನಲ್ಲೇ ಏನನ್ನೋ ತೂಗಿ ನೋಡಿದಳು.

"ಎರಡ? ಬಾಗಲಾ ಬಾಗಲಾ ತಲಿ ಬಡಿಸ್ಕೊಂಡು ಇಷ್ಟು ಉದ್ದ ಬೆಳದಾನ, ಎರಡ ಏನ್ರಿ? ಆ ಗಿಡ್ಡ ಲಾಭ ಅನ್ನಾಂವ ಇಪ್ಪತ್ತರ ಮ್ಯಾಲ ಹಾಕ್ಯಾನಂತ." ಮಗನ ಕಡೆ ತಿರುಗಿ ಬೆನ್ನಿಗೊಂದು ಗುದ್ದಲು ಹೋದಳು, ಕೈ ಅವನ ಮೊಣಕೈಯವರೆಗೆ ಮಾತ್ರ ಮುಟ್ಟಿತು. "ನಡಿ ಸಂಗ್ಯಾ, ಮೊದಲ ರೊಟ್ಟಿ ತಿನ್ನು. ಊರಾಗ ಎರಡ ಅಂತ ಯಾರಿಗೂ ಹೇಳಬ್ಯಾಡ."

ಅವರಿಬ್ಬರೂ ಬಸ್ಸಿನ ಕಡೆ ನಡೆದರು. ಮೇಡಂ ಬಹಳ ಹೊತ್ತು ಅವರ ಬೆನ್ನು ನೋಡಿದರು. ಆಮೇಲೆ ನನ್ನನ್ನು ದಾಟಿ ಮಾಮು ಕಡೆ ಬಾಗಿ, ದನಿ ತಗ್ಗಿಸಿ ಕೇಳಿದರು.

"ನಾಕು ಅಂದಿದ್ರ ನಡೀತಿತ್ತೇನ್ರಿ?"

ಮಾಮು ತಲೆಯಾಡಿಸಿದರು. "ಇಲ್ರಿ ಬಾಯಾರ. ಆಕಿ ಆರು ಕೇಳ್ತಿದ್ಲು."